ದ್ವೀಪದ ಗುತ್ತಿಗೆ ಮತ್ತು ಮತಪೆಟ್ಟಿಗೆ: ಮಾಲ್ದೀವ್ಸ್‌ನ ಪ್ರವಾಸೋದ್ಯಮ ರಾಜಕಾರಣದಲ್ಲಿ ಉತ್ತರದಾಯಿತ್ವದ ಪ್ರಶ್ನೆ

2008ರ ಅಕ್ಟೋಬರ್‌ನಲ್ಲಿ ನಡೆದ ಮೊದಲ ಬಹುಪಕ್ಷೀಯ ಅಧ್ಯಕ್ಷೀಯ ಚುನಾವಣೆಯಿಂದ 2023ರ ಸೆಪ್ಟೆಂಬರ್‌ವರೆಗೆ ಮಾಲ್ದೀವ್ಸ್‌ನ ಮತದಾರರು ನಾಲ್ಕು ಬಾರಿ ತಮ್ಮ ಅಧ್ಯಕ್ಷರನ್ನು ಆರಿಸಿದ್ದಾರೆ, ನಾಲ್ಕು ಬಾರಿಯೂ ಅಧಿಕಾರದಲ್ಲಿದ್ದವರನ್ನು ಸೋಲಿಸಿದ್ದಾರೆ. ಮೂವತ್ತು ವರ್ಷ ಆಳಿದ ಮೌಮೂನ್ ಅಬ್ದುಲ್ ಗಯೂಮ್ 2008ರಲ್ಲಿ ಮೊಹಮ್ಮದ್ ನಶೀದ್ ಅವರೆದುರು ಸೋತರು. ನಶೀದ್ ಅವಧಿಯ ನಡುವೆಯೇ ಅಧಿಕಾರ ತ್ಯಜಿಸಿದ್ದರಿಂದ 2013ರಲ್ಲಿ ಅಧ್ಯಕ್ಷರಾಗಿದ್ದ ಮೊಹಮ್ಮದ್ ವಹೀದ್ ಹಸನ್ ಅವರಿಗೆ, ಸುಪ್ರೀಂ ಕೋರ್ಟ್ ಆಮೇಲೆ ರದ್ದುಪಡಿಸಿದ ಮೊದಲ ಸುತ್ತಿನಲ್ಲಿ, ಶೇ. 5ರ ಆಸುಪಾಸಿನ ಮತಗಳಷ್ಟೇ ಬಂದವು. ಅವರ ನಂತರ ಬಂದ ಅಬ್ದುಲ್ಲಾ ಯಾಮೀನ್ 2018ರಲ್ಲಿ ಇಬ್ರಾಹಿಂ ಮೊಹಮ್ಮದ್ ಸೊಲಿಹ್ ಅವರಿಗೆ, ಸೊಲಿಹ್ 2023ರಲ್ಲಿ ಮೊಹಮ್ಮದ್ ಮುಯಿಝು ಅವರಿಗೆ ಸ್ಥಾನ ಬಿಟ್ಟುಕೊಟ್ಟರು. 2018ರ ಚುನಾವಣೆಯಲ್ಲಿ ಮತದಾನದ ಪ್ರಮಾಣ ಶೇ. 89ರ ಹತ್ತಿರವಿತ್ತು. ರಾಜಕೀಯದ ಬಗ್ಗೆ ಬೇಸತ್ತ ಜನ ಮತಗಟ್ಟೆಯಿಂದ ದೂರ ಸರಿಯುತ್ತಾರೆ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಈ ಅಂಕಿಅಂಶ ಒಪ್ಪುವುದಿಲ್ಲ. ಇಲ್ಲಿನ ಬೇಸರ ಮತಗಟ್ಟೆಯ ಮುಂದೆ ಉದ್ದದ ಸಾಲಾಗಿ ನಿಂತಿದೆ. ಆದರೂ ಸರ್ಕಾರ ಬದಲಾದ ಒಂದೆರಡು ವರ್ಷಗಳಲ್ಲೇ ಅದೇ ದೂರು, ಅದೇ ಆರೋಪ ಹೊಸ ಸರ್ಕಾರದ ಬಾಗಿಲಿಗೆ ಬರುತ್ತದೆ. ಇಷ್ಟು ಜಾಗೃತವಾದ ಮತದಾರವರ್ಗವಿರುವ ಪುಟ್ಟ ದೇಶದಲ್ಲಿ ಆಳುವವರನ್ನು ಲೆಕ್ಕ ಕೇಳುವ ವ್ಯವಸ್ಥೆ ಏಕೆ ಬೇರೂರಲಿಲ್ಲ ಎಂಬ ಪ್ರಶ್ನೆಯನ್ನು ಈ ಲೇಖನ ಪರಿಶೀಲಿಸುತ್ತದೆ. ಇದರ ಉತ್ತರವನ್ನು ನಾಯಕರ ಸ್ವಭಾವದಲ್ಲಿ ಹುಡುಕುವುದಕ್ಕಿಂತ, ಜನವಸತಿಯಿಲ್ಲದ ದ್ವೀಪಗಳನ್ನು ಗುತ್ತಿಗೆಗೆ ಕೊಡುವ ಅಧಿಕಾರ ಯಾರ ಕೈಯಲ್ಲಿದೆ, ಅದರ ಕಾಗದಪತ್ರ ಯಾರ ಕಣ್ಣಿಗೆ ಬೀಳುತ್ತದೆ ಎಂಬಲ್ಲಿ ಹುಡುಕಬೇಕೆಂಬುದು ಇಲ್ಲಿನ ವಾದ.

ವಾದಕ್ಕೆ ಎರಡು ಪರಿಕಲ್ಪನೆಗಳು ಅಗತ್ಯ. ಅಧಿಕಾರದಲ್ಲಿರುವವರು ತಮ್ಮ ನಿರ್ಧಾರಗಳಿಗೆ ಕಾರಣ ಕೊಡಬೇಕಾದ, ತಪ್ಪಿದಲ್ಲಿ ಪರಿಣಾಮ ಎದುರಿಸಬೇಕಾದ ಬಾಧ್ಯತೆಯನ್ನು ಉತ್ತರದಾಯಿತ್ವ ಎನ್ನುತ್ತಾರೆ. ಅರ್ಜೆಂಟೀನಾದ ರಾಜ್ಯಶಾಸ್ತ್ರಜ್ಞ ಗಿಯೆರ್ಮೊ ಒ'ಡೊನೆಲ್ 1990ರ ದಶಕದಲ್ಲಿ ಇದನ್ನು ಎರಡು ಬಗೆಯಾಗಿ ವಿಂಗಡಿಸಿದರು: ಜನರು ಮತದ ಮೂಲಕ ಆಳುವವರನ್ನು ಕೇಳುವುದು ಲಂಬ ಉತ್ತರದಾಯಿತ್ವ, ನ್ಯಾಯಾಲಯ, ಲೆಕ್ಕಪರಿಶೋಧಕರು, ಭ್ರಷ್ಟಾಚಾರ ನಿಗ್ರಹ ಆಯೋಗದಂಥ ಪ್ರಭುತ್ವದ ಅಂಗಗಳೇ ಮತ್ತೊಂದು ಅಂಗವನ್ನು ತಡೆದು ಪ್ರಶ್ನಿಸುವುದು ಸಮತಲ ಉತ್ತರದಾಯಿತ್ವ. ಎರಡನೆಯ ಪರಿಕಲ್ಪನೆ ಗೇಣಿ ವರಮಾನದ ಪ್ರಭುತ್ವ. ಇರಾನಿನ ತೈಲ ವರಮಾನವನ್ನು ಕುರಿತು ಹೊಸೇನ್ ಮಹ್ದವಿ 1970ರಲ್ಲಿ ಮಂಡಿಸಿ, ಹಾಝೆಮ್ ಬೆಬ್ಲಾವಿ ಮತ್ತು ಜಾಕೊಮೊ ಲುಚಿಯಾನಿ 1987ರಲ್ಲಿ ವಿಸ್ತರಿಸಿದ ಈ ವಿಚಾರದ ಪ್ರಕಾರ, ಪ್ರಜೆಗಳ ದುಡಿಮೆಯ ಮೇಲಿನ ತೆರಿಗೆಗಿಂತ ನಿಸರ್ಗದತ್ತ ಸಂಪತ್ತಿಗೆ ಹೊರಗಿನವರು ಕೊಡುವ ಹಣದಿಂದ ಖಜಾನೆ ತುಂಬುವ ಸರ್ಕಾರಕ್ಕೆ ಪ್ರಜೆಗಳ ಒಪ್ಪಿಗೆಯ ಅಗತ್ಯ ಕಡಿಮೆ, ಹಂಚಿ ಒಲಿಸಿಕೊಳ್ಳುವ ಸಾಮರ್ಥ್ಯ ಹೆಚ್ಚು. ಪ್ರವಾಸೋದ್ಯಮ ತೈಲದಂತಲ್ಲ ಎಂಬ ಆಕ್ಷೇಪ ಸರಿಯೇ. ಅದಕ್ಕೆ ದೊಡ್ಡ ಸಂಖ್ಯೆಯ ದುಡಿಯುವ ಕೈಗಳು ಬೇಕು, ಒಳ್ಳೆಯ ಹೆಸರು ಬೇಕು, ಶಾಂತಿ ಬೇಕು. ಆದರೆ ಮಾಲ್ದೀವ್ಸ್‌ನಲ್ಲಿ ಉದ್ಯಮದ ಮೊದಲ ಹೆಜ್ಜೆಯೇ ಸರ್ಕಾರದಿಂದ ಇಡಿಯ ದ್ವೀಪವನ್ನು ಗುತ್ತಿಗೆಗೆ ಪಡೆಯುವುದು. ಆ ಹೆಜ್ಜೆಯ ಮಟ್ಟಿಗೆ ದ್ವೀಪದ ಗುತ್ತಿಗೆಗೂ ತೈಲಬಾವಿಯ ಪರವಾನಗಿಗೂ ವ್ಯತ್ಯಾಸ ಅಲ್ಪ.

ಹಿಂದೂ ಮಹಾಸಾಗರದಲ್ಲಿ ಉತ್ತರ-ದಕ್ಷಿಣವಾಗಿ ಚಾಚಿರುವ ಸುಮಾರು 1,200 ಹವಳದ್ವೀಪಗಳಲ್ಲಿ ಜನವಸತಿಯಿರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. 2022ರ ಜನಗಣತಿ ಎಣಿಸಿದ 5.15 ಲಕ್ಷ ನಿವಾಸಿಗಳಲ್ಲಿ 1.32 ಲಕ್ಷ ಮಂದಿ ವಿದೇಶಿಯರು. 1972ರಲ್ಲಿ ಮಾಲೆಯ ಸಮೀಪದ ವಿಹಮಾನಾಫುಶಿ ದ್ವೀಪದಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಾಗ ಈ ದೇಶ ಮೀನುಗಾರಿಕೆಯನ್ನೇ ನೆಚ್ಚಿತ್ತು. ಐದು ದಶಕಗಳ ನಂತರ, 2024ರಲ್ಲಿ, ಬಂದ ಪ್ರವಾಸಿಗರ ಸಂಖ್ಯೆ 20 ಲಕ್ಷ ದಾಟಿತು. ಅಂದರೆ ದೇಶದ ನಿವಾಸಿಗಳ ನಾಲ್ಕುಪಟ್ಟು. ಅವಲಂಬನೆಯ ಆಳ 2020ರಲ್ಲಿ ಬಯಲಾಯಿತು: ಹಿಂದಿನ ವರ್ಷ 17 ಲಕ್ಷವಿದ್ದ ಪ್ರವಾಸಿಗರು ಕೋವಿಡ್ ಕಾರಣ ಐದೂವರೆ ಲಕ್ಷಕ್ಕೆ ಇಳಿದರು, ಒಟ್ಟು ದೇಶೀಯ ಉತ್ಪನ್ನ ಸುಮಾರು ಮೂರನೇ ಒಂದರಷ್ಟು ಕುಸಿಯಿತು.

ಗಯೂಮ್ ಆಡಳಿತಕಾಲದಲ್ಲಿ (1978–2008) ಗಟ್ಟಿಯಾದ ನೀತಿಯೆಂದರೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಅದೂ ಜನವಸತಿಯಿಲ್ಲದ ದ್ವೀಪದಲ್ಲಿ. ಇಸ್ಲಾಂ ರಾಜಧರ್ಮವಾಗಿರುವ, ಮದ್ಯ ನಿಷಿದ್ಧವಾಗಿರುವ ಸಮಾಜವನ್ನು ವಿದೇಶಿ ವಿಹಾರಿಗಳ ಜೀವನಕ್ರಮದಿಂದ ದೂರವಿಡುವುದು ಇದರ ಘೋಷಿತ ಉದ್ದೇಶ. ಆ ಕಾಳಜಿಯನ್ನು ಹುಸಿಯೆನ್ನಲಾಗದು. ಆದರೆ ಈ ಬೇರ್ಪಡಿಕೆಗೆ ಯಾರೂ ಅಷ್ಟಾಗಿ ಚರ್ಚಿಸದ ಮತ್ತೊಂದು ಫಲವಿತ್ತು. ದೇಶದ ಮುಖ್ಯ ಸಂಪತ್ತು ಉತ್ಪತ್ತಿಯಾಗುವ ನೆಲ ಪ್ರಜೆಯ ದಿನನಿತ್ಯದ ದೃಷ್ಟಿಯಿಂದ ಆಚೆಗೆ ಹೋಯಿತು. ರಸ್ತೆ ಕಾಮಗಾರಿಯಲ್ಲಿ ಅಕ್ರಮವಾದರೆ ಊರವರಿಗೆ ಕಣ್ಣಿಗೆ ಕಾಣುತ್ತದೆ. ಗಂಟೆಗಟ್ಟಲೆ ದೋಣಿಪ್ರಯಾಣದಾಚೆಯ ನಿರ್ಜನ ದ್ವೀಪವೊಂದು ಯಾರಿಗೆ, ಎಷ್ಟಕ್ಕೆ, ಯಾವ ಷರತ್ತಿನ ಮೇಲೆ ಹೋಯಿತೆಂಬುದು ಕಾಗದದಲ್ಲಿ ಮಾತ್ರ ಉಳಿಯುತ್ತದೆ, ಆ ಕಾಗದ ಸಚಿವಾಲಯದಲ್ಲಿರುತ್ತದೆ. ಗುತ್ತಿಗೆ ಪಡೆದವರು ಬಲು ಬೇಗ ರಾಜಕೀಯ ಶಕ್ತಿಯೂ ಆದರು. ರೆಸಾರ್ಟ್‌ಗಳನ್ನು ಹೊಂದಿರುವ ವಿಲ್ಲಾ ಸಮೂಹದ ಸ್ಥಾಪಕ ಗಾಸಿಂ ಇಬ್ರಾಹಿಂ ಗಯೂಮ್ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಜುಮ್ಹೂರಿ ಪಕ್ಷದ ನಾಯಕರು, ಮಜ್ಲಿಸ್ ಎನ್ನಲಾಗುವ ಸಂಸತ್ತಿನ ಸಭಾಧ್ಯಕ್ಷರೂ ಆದವರು. 2008, 2013, 2018ರ ಮೂರೂ ಚುನಾವಣೆಗಳಲ್ಲಿ ಅವರ ಬೆಂಬಲ ಯಾರ ಕಡೆಗೆಂಬುದು ನಿರ್ಣಾಯಕವಾಗಿತ್ತು. ಇದು ಒಬ್ಬ ವ್ಯಕ್ತಿಯ ಕುರಿತ ಆಕ್ಷೇಪವಲ್ಲ; ಗುತ್ತಿಗೆದಾರ, ಪಕ್ಷದ ಪೋಷಕ, ಶಾಸಕ ಎಂಬ ಪಾತ್ರಗಳ ನಡುವಿನ ಗೆರೆ ಇಲ್ಲಿ ಎಷ್ಟು ತೆಳುವೆಂಬುದಕ್ಕೆ ನಿದರ್ಶನ.

ಪ್ರತಿರೋಧದ ಇತಿಹಾಸದಲ್ಲಿ ಮಾಫುಶಿ ದ್ವೀಪದ ಹೆಸರು ಮೊದಲು ಬರುತ್ತದೆ. 2003ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೆರೆಮನೆಯಲ್ಲಿ ಇವಾನ್ ನಸೀಮ್ ಎಂಬ 19ರ ಯುವಕ ಕಾವಲುಗಾರರ ಹೊಡೆತಕ್ಕೆ ಸತ್ತಾಗ ರಾಜಧಾನಿ ಮಾಲೆ ಹೊತ್ತಿ ಉರಿಯಿತು. ಆ ಕಿಚ್ಚಿನ ಒತ್ತಡದಲ್ಲೇ 2005ರಲ್ಲಿ ರಾಜಕೀಯ ಪಕ್ಷಗಳಿಗೆ ಅನುಮತಿ ದೊರೆಯಿತು, 2008ರ ಆಗಸ್ಟ್‌ನಲ್ಲಿ ಹೊಸ ಸಂವಿಧಾನ ಜಾರಿಗೆ ಬಂತು. ಅದರಡಿ ಸ್ವತಂತ್ರ ಚುನಾವಣಾ ಆಯೋಗ, ಭ್ರಷ್ಟಾಚಾರ ನಿಗ್ರಹ ಆಯೋಗ, ನ್ಯಾಯಾಂಗ ಸೇವಾ ಆಯೋಗ, ಮಹಾಲೆಕ್ಕಪರಿಶೋಧಕರ ಹುದ್ದೆ ರೂಪುಗೊಂಡವು; 2014ರಲ್ಲಿ ಮಾಹಿತಿ ಹಕ್ಕು ಕಾಯ್ದೆಯೂ ಬಂತು. ಕಾಗದದ ಮೇಲಿನ ಸಮತಲ ಉತ್ತರದಾಯಿತ್ವಕ್ಕೆ ಬೇಕಾದ ಸಂಸ್ಥೆಗಳಲ್ಲಿ ಕೊರತೆಯೆಂಬುದು ಹೆಚ್ಚೇನೂ ಇರಲಿಲ್ಲ.

ಆದರೆ ಅದೇ ಅವಧಿಯಲ್ಲಿ ಎದುರು ದಿಕ್ಕಿನ ಶಾಸನಗಳೂ ಹುಟ್ಟಿದವು. 2013ರಲ್ಲಿ ಜಾರಿಯಾದ ಶಾಂತಿಯುತ ಸಭೆಗಳ ಕಾಯ್ದೆ ರೆಸಾರ್ಟ್‌ಗಳಲ್ಲಿ, ವಿಮಾನನಿಲ್ದಾಣಗಳಲ್ಲಿ, ವಾಣಿಜ್ಯ ಬಂದರುಗಳಲ್ಲಿ ಪ್ರತಿಭಟನೆಯನ್ನು ನಿಷೇಧಿಸಿತು. ಸಂಪತ್ತು ಎಲ್ಲಿ ಹುಟ್ಟುತ್ತದೋ ಅಲ್ಲಿ ಮಾತಾಡುವಂತಿಲ್ಲ, ಮಾತಾಡಬಹುದಾದ ಜಾಗದಲ್ಲಿ ಸಂಪತ್ತು ಕಾಣುವುದಿಲ್ಲ ಎಂಬ ಸ್ಥಿತಿ ಕಾನೂನಿನ ಬಲ ಪಡೆಯಿತು. ಪ್ರಜೆಗಳ ಕೋಪ ಮಾಲೆಯೆಂಬ ಸುಮಾರು ಎರಡು ಚದರ ಕಿಲೋಮೀಟರಿನ ದ್ವೀಪದೊಳಗೆ ಕಿಕ್ಕಿರಿಯಿತು. 2015ರ ಮೇ 1ರಂದು ಅಲ್ಲಿ ಸುಮಾರು 20,000 ಜನ ಬೀದಿಗಿಳಿದರು, ಇನ್ನೂರರ ಸಮೀಪ ಬಂಧನಗಳಾದವು. ಆ ಹೊತ್ತಿನಲ್ಲೂ ಬೀಚ್‌ಗಳ ವಿಹಾರ ಎಂದಿನಂತೆ ನಡೆದಿತ್ತು. ಪ್ರವಾಸೋದ್ಯಮಕ್ಕೆ ಶಾಂತಿ ಬೇಕು, ಆದ್ದರಿಂದ ಸರ್ಕಾರ ಜನರನ್ನು ಸಮಾಧಾನವಾಗಿ ಇರಿಸಿಕೊಳ್ಳುತ್ತದೆ ಎಂಬ ನಂಬಿಕೆ ಇಲ್ಲಿ ಹುಸಿಯಾಯಿತು. ದ್ವೀಪಗಳ ಅಂತರ ಆ ಶಾಂತಿಯನ್ನು ಪುಕ್ಕಟೆಯಾಗಿ ಒದಗಿಸಿತ್ತು.

ಗುತ್ತಿಗೆಯ ಅಧಿಕಾರ ಏನು ಮಾಡಬಲ್ಲದೆಂಬುದು ತೆರೆದುಕೊಂಡದ್ದು ಎಂಎಂಪಿಆರ್‌ಸಿ ಹಗರಣದಲ್ಲಿ. ಮಾಲ್ದೀವ್ಸ್ ಮಾರ್ಕೆಟಿಂಗ್ ಅಂಡ್ ಪಬ್ಲಿಕ್ ರಿಲೇಷನ್ಸ್ ಕಾರ್ಪೊರೇಷನ್ ಎಂಬುದು ದೇಶದ ಪ್ರವಾಸೋದ್ಯಮಕ್ಕೆ ಪ್ರಚಾರ ನೀಡಲೆಂದು ಇದ್ದ ಸರ್ಕಾರಿ ಕಂಪನಿ. ದ್ವೀಪಗಳನ್ನು ಹಂಚುವುದು ಅದರ ಮೂಲ ಕೆಲಸವಾಗಿರಲಿಲ್ಲ. ಅಹ್ಮದ್ ಅದೀಬ್ ಪ್ರವಾಸೋದ್ಯಮ ಸಚಿವರಾಗಿದ್ದಾಗ, 2014 ಮತ್ತು 2015ರಲ್ಲಿ, 50ಕ್ಕೂ ಹೆಚ್ಚು ದ್ವೀಪಗಳು ಹಾಗೂ ಲಗೂನ್‌ಗಳು (ಹವಳದ ದಿಬ್ಬ ಸುತ್ತುವರಿದ ಆಳವಿಲ್ಲದ ಕಡಲಭಾಗಗಳು) ಬಹಿರಂಗ ಟೆಂಡರ್ ಇಲ್ಲದೆ ಈ ಕಂಪನಿಯ ಮೂಲಕ ಹೂಡಿಕೆದಾರರ ಕೈಸೇರಿದವು. ಗುತ್ತಿಗೆ ಹಿಡಿಯುವವರು ಮುಂಗಡವಾಗಿ ಕಟ್ಟಬೇಕಾದ ಶುಲ್ಕದ ಚೆಕ್ಕುಗಳು ಕಂಪನಿಗೆ ಬಂದರೂ ಖಜಾನೆಗೆ ಹೋಗದೆ, ಹಿಂಬರಹದ ಮೂಲಕ ಒಂದು ಖಾಸಗಿ ಸಂಸ್ಥೆಯ ಖಾತೆಗೆ ಸೇರಿ, ಅಲ್ಲಿಂದ ಹಲವರಿಗೆ ಹಂಚಿಕೆಯಾದವು. 2016ರ ಫೆಬ್ರುವರಿಯಲ್ಲಿ ಪ್ರಕಟವಾದ ವಿಶೇಷ ಲೆಕ್ಕಪರಿಶೋಧನಾ ವರದಿ ಹೀಗೆ ಕಾಣೆಯಾದ ಮೊತ್ತವನ್ನು ಸುಮಾರು 7.9 ಕೋಟಿ ಡಾಲರ್ ಎಂದು ಲೆಕ್ಕಹಾಕಿತು. ಅದೇ ವರ್ಷ ಅಲ್ ಜಜೀರಾ ವಾಹಿನಿಯ ಸಾಕ್ಷ್ಯಚಿತ್ರ ಪ್ರಸಾರವಾಯಿತು. 2018ರಲ್ಲಿ ಸಂಘಟಿತ ಅಪರಾಧ ಮತ್ತು ಭ್ರಷ್ಟಾಚಾರವನ್ನು ಶೋಧಿಸುವ ಪತ್ರಕರ್ತರ ಅಂತರರಾಷ್ಟ್ರೀಯ ಕೂಟ ಗುತ್ತಿಗೆ ಕಾಗದಗಳನ್ನೇ ಹೊರತಂದಿತು. ಈ ಪ್ರಕರಣದಲ್ಲಿ ಗಮನಿಸಬೇಕಾದುದು ಹಣದ ಮೊತ್ತಕ್ಕಿಂತ ವಿಧಾನದ ಸರಳತೆ. ನಕಲಿ ಕಾಮಗಾರಿಯ ಬಿಲ್ಲುಗಳಾಗಲಿ ತಂತ್ರಜ್ಞರ ಸಂಚಾಗಲಿ ಬೇಕಾಗಲಿಲ್ಲ. ಹಂಚುವ ಸಹಿ ಮತ್ತು ಅದನ್ನು ಯಾರೂ ನೋಡದಿರುವ ಭರವಸೆ, ಇವೆರಡೇ ಸಾಕಾದವು.

ಆದರೆ ನೋಡಿದವರು ಇದ್ದರು. ಮಹಾಲೆಕ್ಕಪರಿಶೋಧಕ ನಿಯಾಝ್ ಇಬ್ರಾಹಿಂ ಅವರ ಕಚೇರಿ 2014ರ ಅಕ್ಟೋಬರ್‌ನಲ್ಲೇ, ಅಂದರೆ ದೊಡ್ಡ ಹಗರಣ ಬಯಲಾಗುವ ಹದಿನಾರು ತಿಂಗಳ ಮುಂಚೆ, ಇದೇ ಕಂಪನಿಯನ್ನೂ ಒಳಗೊಂಡ 60 ಲಕ್ಷ ಡಾಲರ್‌ಗಳ ವ್ಯವಹಾರದಲ್ಲಿ ಪ್ರವಾಸೋದ್ಯಮ ಸಚಿವರ ಪಾತ್ರವನ್ನು ಪ್ರಶ್ನಿಸುವ ವರದಿ ನೀಡಿತು. ಅದೇ ದಿನಗಳಲ್ಲಿ ಮಜ್ಲಿಸ್ ಲೆಕ್ಕಪರಿಶೋಧನಾ ಕಾಯ್ದೆಗೆ ತಿದ್ದುಪಡಿ ತಂದು ಆ ಹುದ್ದೆಗೆ ಹೊಸ ನೇಮಕಕ್ಕೆ ದಾರಿ ಮಾಡಿತು, ನಿಯಾಝ್ ಹುದ್ದೆ ಕಳೆದುಕೊಂಡರು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೀಠದ ಬಲವನ್ನು ಏಳರಿಂದ ಐದಕ್ಕೆ ಇಳಿಸಿ ಮುಖ್ಯ ನ್ಯಾಯಮೂರ್ತಿ ಸೇರಿ ಇಬ್ಬರನ್ನು ತೆಗೆಯಲಾಯಿತು. ಸಂವಿಧಾನವನ್ನು ಬಹಿರಂಗವಾಗಿ ಮುರಿಯದೆ, ಸಂಸ್ಥೆಯ ಹೆಸರು ಮತ್ತು ಕಟ್ಟಡವನ್ನು ಹಾಗೆಯೇ ಉಳಿಸಿ, ಒಳಗಿದ್ದ ಪ್ರಶ್ನಿಸುವ ವ್ಯಕ್ತಿಯನ್ನು ಶಾಸನದ ಮೂಲಕವೇ ಹೊರಹಾಕುವ ಈ ಕ್ರಮ ಸಮತಲ ಉತ್ತರದಾಯಿತ್ವದ ಸಿದ್ಧಾಂತಕ್ಕೆ ಒಂದು ಕಠಿಣ ಪಾಠ. ಸಂಸದೀಯ ಬಹುಮತವೇ ಗುತ್ತಿಗೆಯ ಫಲಾನುಭವಿಗಳಿಂದ ಪೋಷಿತವಾದಾಗ, ಸ್ವತಂತ್ರ ಸಂಸ್ಥೆಗಳ ಸ್ವಾತಂತ್ರ್ಯ ಮುಂದಿನ ತಿದ್ದುಪಡಿಯವರೆಗೆ ಮಾತ್ರ. 2015ರ ಜುಲೈಯಲ್ಲಿ, ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಹೂಡುವ ವಿದೇಶಿಯರಿಗೆ ಷರತ್ತಿನ ಮೇಲೆ ಭೂಮಿಯ ಒಡೆತನವನ್ನೇ ಕೊಡಬಹುದೆಂದು ಸಂವಿಧಾನ ತಿದ್ದಲಾಯಿತು (ಮುಂದಿನ ಸರ್ಕಾರ ಅದನ್ನು 2019ರಲ್ಲಿ ರದ್ದುಪಡಿಸಿತು). 2016ರಲ್ಲಿ, ಲೆಕ್ಕಪರಿಶೋಧನಾ ವರದಿ ಹೊರಬಿದ್ದ ಕೆಲವೇ ತಿಂಗಳಲ್ಲಿ, ಟೆಂಡರ್ ಇಲ್ಲದೆ ದ್ವೀಪ ಕೊಡುವುದನ್ನು ಪ್ರವಾಸೋದ್ಯಮ ಕಾಯ್ದೆಯ ತಿದ್ದುಪಡಿ ಕಾನೂನುಬದ್ಧಗೊಳಿಸಿತು. ಆಗಸ್ಟ್‌ನಲ್ಲಿ ಮಾನಹಾನಿಯನ್ನು ಅಪರಾಧವನ್ನಾಗಿಸುವ ಕಾಯ್ದೆ ಬಂತು. ಪತ್ರಕರ್ತ ಅಹ್ಮದ್ ರಿಲ್ವಾನ್ 2014ರ ಆಗಸ್ಟ್‌ನಲ್ಲಿ ಕಣ್ಮರೆಯಾಗಿದ್ದರು. ಅವರಿಗಾಗಿ ದನಿಯೆತ್ತಿದ ಬರಹಗಾರ ಯಾಮೀನ್ ರಶೀದ್ 2017ರ ಏಪ್ರಿಲ್‌ನಲ್ಲಿ ಕೊಲೆಯಾದರು. ಪ್ರಶ್ನಿಸುವುದಕ್ಕೆ ಇಷ್ಟು ಬೆಲೆ ತೆತ್ತ ಸಮಾಜದ ಹತಾಶೆಯನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವುದು ಅನ್ಯಾಯ.

2018ರ ಸೆಪ್ಟೆಂಬರ್‌ನಲ್ಲಿ ಶೇ. 58ರಷ್ಟು ಮತ ಪಡೆದು ಗೆದ್ದ ಸೊಲಿಹ್ ಆಡಳಿತದ ಮೇಲೆ ಈ ಎಲ್ಲದರ ಭಾರವಿತ್ತು. ಮಾನಹಾನಿ ಕಾಯ್ದೆ ರದ್ದಾಯಿತು, ಭ್ರಷ್ಟಾಚಾರ ತನಿಖೆ ಮತ್ತು ಆಸ್ತಿ ಮರುವಸೂಲಿಗಾಗಿ ಅಧ್ಯಕ್ಷೀಯ ಆಯೋಗ ರಚನೆಯಾಯಿತು, 2019ರ ಏಪ್ರಿಲ್‌ನಲ್ಲಿ ಅವರ ಪಕ್ಷಕ್ಕೆ 87ರಲ್ಲಿ 65 ಸ್ಥಾನ ದೊರೆಯಿತು. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸೂಚ್ಯಂಕದಲ್ಲಿ, ನೂರು ಅಂಕವೆಂದರೆ ಅತಿ ಶುದ್ಧ ಎಂಬ ಅಳತೆಯಲ್ಲಿ, 2019ರಲ್ಲಿ 29 ಇದ್ದ ದೇಶದ ಅಂಕ 2020ರಲ್ಲಿ 43ಕ್ಕೇರಿತು. ಆ ಏರಿಕೆ ಉಳಿಯಲಿಲ್ಲ; 2024ರ ಹೊತ್ತಿಗೆ 38ಕ್ಕೆ ಇಳಿಯಿತು. ಇಳಿಕೆಯ ಕಾರಣಗಳನ್ನು ಸೂಚ್ಯಂಕ ತಾನಾಗಿ ಹೇಳುವುದಿಲ್ಲವಾದರೂ ಘಟನಾವಳಿ ಸ್ವಲ್ಪ ಹೇಳುತ್ತದೆ. ಕೋವಿಡ್ ಕಾಲದ ವೆಂಟಿಲೇಟರ್ ಖರೀದಿಯಲ್ಲಿ ಉಪಕರಣ ಪೂರ್ತಿ ಬರುವ ಮುನ್ನವೇ ಬಹುಪಾಲು ಹಣ ಪಾವತಿಯಾದದ್ದು ಬಯಲಾಗಿ 2020ರಲ್ಲಿ ಆರೋಗ್ಯ ಸಚಿವರು ರಾಜೀನಾಮೆ ಕೊಟ್ಟರು. ಎಂಎಂಪಿಆರ್‌ಸಿ ಹಗರಣದ ಹಣ ಪಡೆದವರಲ್ಲಿ ರಾಜಕಾರಣಿಗಳು, ಅಧಿಕಾರಿಗಳು ಇದ್ದರೆಂದು ತನಿಖೆಯೇ ಸೂಚಿಸಿದರೂ ಪ್ರಮುಖರ ಮೇಲೆ ಮೊಕದ್ದಮೆಗಳು ಮುಂದುವರಿಯಲಿಲ್ಲ. ಅದೀಬ್ 2019ರ ಆಗಸ್ಟ್‌ನಲ್ಲಿ ಎಳೆದೋಣಿಯೊಂದರಲ್ಲಿ ತಮಿಳುನಾಡಿನ ತೂತ್ತುಕುಡಿಯ ತೀರಕ್ಕೆ ಬಂದು, ಭಾರತ ಪ್ರವೇಶ ನಿರಾಕರಿಸಿದ್ದರಿಂದ ಮರಳಬೇಕಾಯಿತು. ಮರುವರ್ಷ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಗೊಳಗಾದರು. ಮಾಜಿ ಅಧ್ಯಕ್ಷ ಯಾಮೀನ್‌ಗೆ ಹಣ ಅಕ್ರಮ ವರ್ಗಾವಣೆಯ ಆರೋಪದಲ್ಲಿ 2019ರ ನವೆಂಬರ್‌ನಲ್ಲಿ ವಿಧಿಸಲಾದ ಐದು ವರ್ಷಗಳ ಶಿಕ್ಷೆಯನ್ನು 2021ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆರಾ ಎಂಬ ದ್ವೀಪದ ಗುತ್ತಿಗೆಗೆ ಲಂಚ ಪಡೆದ ಪ್ರಕರಣದಲ್ಲಿ 2022ರ ಡಿಸೆಂಬರ್‌ನಲ್ಲಿ ಅವರಿಗೆ ಹನ್ನೊಂದು ವರ್ಷಗಳ ಶಿಕ್ಷೆಯಾಯಿತು, 2023ರ ಚುನಾವಣೆಗೆ ಅವರು ಸ್ಪರ್ಧಿಸಲಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ, ಸಂಸತ್ ಚುನಾವಣೆಗೆ ಮೂರೇ ದಿನ ಇರುವಾಗ, ಹೈಕೋರ್ಟ್ ಮರುವಿಚಾರಣೆಗೆ ಆದೇಶಿಸಿತು. ಸಾಮಾನ್ಯ ಮತದಾರನಿಗೆ ಈ ತೀರ್ಪುಗಳ ಕಾನೂನು ತರ್ಕ ತಿಳಿಯದಿರಬಹುದು. ಸರ್ಕಾರ ಬದಲಾದಂತೆ ಆರೋಪಿಯ ಸ್ಥಾನವೂ ಬದಲಾಗುತ್ತದೆ ಎಂಬ ಭಾವನೆ ಮಾತ್ರ ಅವನಲ್ಲಿ ಉಳಿಯುತ್ತದೆ.

ಈ ಹತಾಶೆ ಕೆಲವೊಮ್ಮೆ ಹೊರಗಿನವರ ಮೇಲೆ ತಿರುಗುವುದುಂಟು, ಇದಕ್ಕೆ ಕರ್ನಾಟಕದ ನೇರ ಸಂಬಂಧವಿರುವ ಪ್ರಸಂಗವೊಂದಿದೆ. ಆಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಜಿಎಂಆರ್ ಸಮೂಹ ಮಲೇಷ್ಯಾದ ಸಂಸ್ಥೆಯೊಂದಿಗೆ ಸೇರಿ 2010ರಲ್ಲಿ ಮಾಲೆ ವಿಮಾನನಿಲ್ದಾಣದ ಅಭಿವೃದ್ಧಿ ಮತ್ತು ನಿರ್ವಹಣೆಯನ್ನು 25 ವರ್ಷಗಳ ಅವಧಿಗೆ, 51.1 ಕೋಟಿ ಡಾಲರ್‌ಗಳ ಯೋಜನೆಯಾಗಿ ಪಡೆಯಿತು. ಪ್ರಯಾಣಿಕರಿಂದ ತಲಾ 25 ಡಾಲರ್ ಅಭಿವೃದ್ಧಿ ಶುಲ್ಕ ವಸೂಲಿಗೆ ಸಂಸತ್ತಿನ ಒಪ್ಪಿಗೆಯಿಲ್ಲವೆಂದು 2011ರಲ್ಲಿ ಅಲ್ಲಿನ ಸಿವಿಲ್ ನ್ಯಾಯಾಲಯ ತಡೆಯೊಡ್ಡಿದ್ದು ಉತ್ತರದಾಯಿತ್ವದ ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಆದರೆ ನಶೀದ್ 2012ರ ಫೆಬ್ರುವರಿಯಲ್ಲಿ ಅಧಿಕಾರ ತ್ಯಜಿಸಿದ ಮೇಲೆ ಆ ಪ್ರಶ್ನೆ ರಾಷ್ಟ್ರಾಭಿಮಾನದ ಘೋಷಣೆಯಾಗಿ ಬದಲಾಯಿತು. ನವೆಂಬರ್‌ನಲ್ಲಿ ವಹೀದ್ ಸರ್ಕಾರ ಒಪ್ಪಂದವೇ ಅಸಿಂಧುವೆಂದು ಸಾರಿತು. ಒಪ್ಪಂದ ಸಿಂಧುವಾಗಿತ್ತೆಂದು ಮಧ್ಯಸ್ಥಿಕೆ ನ್ಯಾಯಮಂಡಳಿ ತೀರ್ಮಾನಿಸಿ, ಕೊನೆಗೆ 2016ರಲ್ಲಿ ಸುಮಾರು 27 ಕೋಟಿ ಡಾಲರ್ ಪರಿಹಾರ ಕೊಡುವಂತೆ ಆದೇಶಿಸಿತು. ಆ ಹಣ ಸಾರ್ವಜನಿಕ ಬೊಕ್ಕಸದಿಂದ ಹೋಯಿತು, ಅದನ್ನು ತೆರುವಂತೆ ಮಾಡಿದ ನಿರ್ಧಾರಕ್ಕಾಗಿ ಯಾರೂ ಉತ್ತರ ಹೇಳಲಿಲ್ಲ. ಮುಂದೆ ‘ಇಂಡಿಯಾ ಔಟ್’ ಅಭಿಯಾನದ ಬೆನ್ನೇರಿ ಬಂದ ಮುಯಿಝು ಸರ್ಕಾರದ ಮೂವರು ಉಪಸಚಿವರು 2024ರ ಜನವರಿಯಲ್ಲಿ ಭಾರತದ ಪ್ರಧಾನಿಯ ಲಕ್ಷದ್ವೀಪ ಭೇಟಿ ಕುರಿತು ಆಡಿದ ಹಗುರ ಮಾತಿನಿಂದ, 2023ರಲ್ಲಿ ಎರಡು ಲಕ್ಷ ದಾಟಿ ಅಗ್ರಸ್ಥಾನದಲ್ಲಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ ಮರುವರ್ಷ 1.3 ಲಕ್ಷದ ಆಸುಪಾಸಿಗೆ ಕುಗ್ಗಿತು. ಆಳುವವರ ಅವಿವೇಕಕ್ಕೆ ಮೊದಲು ದಂಡ ತೆತ್ತವರು ಸಣ್ಣ ಅತಿಥಿಗೃಹಗಳ ಮಾಲೀಕರು.

ಆ ಅತಿಥಿಗೃಹಗಳ ವಿಷಯ ಈ ವಾದದಲ್ಲಿ ಪ್ರತ್ಯೇಕ ಗಮನಕ್ಕೆ ಅರ್ಹ. ಜನವಸತಿಯ ದ್ವೀಪಗಳಲ್ಲೂ ಪ್ರವಾಸಿಗರನ್ನು ಇರಿಸಿಕೊಳ್ಳಬಹುದೆಂದು ನಶೀದ್ ಸರ್ಕಾರ ನೀತಿ ಬದಲಿಸಿದ ಮೇಲೆ, 2010ರಿಂದೀಚೆಗೆ, ಅದೇ ಮಾಫುಶಿ ದ್ವೀಪ ಇಂಥ ತಂಗುದಾಣಗಳ ಮುಖ್ಯ ಕೇಂದ್ರವಾಯಿತು. ಮೊದಲ ಬಾರಿಗೆ ಪ್ರವಾಸಿಗನ ಹಣ ಊರಿನ ಬೀದಿಯಲ್ಲಿ, ಊರವರ ಕಣ್ಣೆದುರು ಓಡಾಡತೊಡಗಿತು. 2010ರ ವಿಕೇಂದ್ರೀಕರಣ ಕಾಯ್ದೆ ಮತ್ತು 2011ರ ಮೊದಲ ಸ್ಥಳೀಯ ಚುನಾವಣೆಗಳಿಂದ ದ್ವೀಪಕ್ಕೊಂದು ಚುನಾಯಿತ ಮಂಡಳಿಯೂ ಬಂತು. ಜೊತೆಜೊತೆಗೇ ತೆರಿಗೆಯ ಸ್ವರೂಪ ಬದಲಾಯಿತು. ಹಾಸಿಗೆ ಲೆಕ್ಕದ ತೆರಿಗೆ ಮತ್ತು ಗುತ್ತಿಗೆಯ ಬಾಡಿಗೆಯನ್ನು ನೆಚ್ಚಿದ್ದ ಖಜಾನೆ, 2011ರಲ್ಲಿ ಶೇ. 3.5ರಿಂದ ಆರಂಭಿಸಿದ ಪ್ರವಾಸೋದ್ಯಮ ಸರಕು-ಸೇವಾ ತೆರಿಗೆಯನ್ನು 2023ರಲ್ಲಿ ಶೇ. 16ಕ್ಕೆ, 2025ರ ಜುಲೈಯಲ್ಲಿ ಶೇ. 17ಕ್ಕೆ ಏರಿಸಿತು, 2020ರಿಂದ ವೈಯಕ್ತಿಕ ಆದಾಯ ತೆರಿಗೆಯೂ ಇದೆ. ಆದರೆ ತಿಂಗಳಿಗೆ 60,000 ರೂಫಿಯಾವರೆಗಿನ ಗಳಿಕೆಗೆ ವಿನಾಯಿತಿಯಿರುವುದರಿಂದ ಬಹುಪಾಲು ಪ್ರಜೆಗಳು ಅದರಾಚೆಗಿದ್ದಾರೆ. ತೆರಿಗೆ ಕೊಡುವವನು ಲೆಕ್ಕ ಕೇಳುತ್ತಾನೆ ಎಂಬ ಸಿದ್ಧಾಂತ ನಿಜವಾದರೆ, ಉತ್ತರದಾಯಿತ್ವದ ಗಟ್ಟಿ ಬೇಡಿಕೆ ಮುಂದೆ ಬರುವುದು ರೆಸಾರ್ಟ್ ದ್ವೀಪಗಳಿಂದಲ್ಲ, ಬಾಡಿಗೆ, ತೆರಿಗೆ, ಸ್ಥಳೀಯ ಮಂಡಳಿ ಮೂರನ್ನೂ ಒಟ್ಟಿಗೆ ಎದುರಿಸುವ ಈ ಅತಿಥಿಗೃಹದ ಊರುಗಳಿಂದ. ಇದು ಊಹೆಯೇ ಸರಿ, ಆದರೆ ಆಧಾರವಿರುವ ಊಹೆ.

ಆ ಊಹೆ ಫಲಿಸಲು ನ್ಯಾಯಾಲಯಗಳು ಗಟ್ಟಿಯಾಗಿ ನಿಲ್ಲಬೇಕು. 2014ರಲ್ಲಿ ಐದಕ್ಕೆ ಇಳಿದಿದ್ದ ಸುಪ್ರೀಂ ಕೋರ್ಟ್ ಪೀಠವನ್ನು ಸೊಲಿಹ್ ಕಾಲದ ಮಜ್ಲಿಸ್ 2019ರಲ್ಲಿ ಮತ್ತೆ ಏಳಕ್ಕೆ ಏರಿಸಿತ್ತು. 2024ರ ಏಪ್ರಿಲ್‌ನಲ್ಲಿ ಭಾರಿ ಬಹುಮತ ಪಡೆದ ಮುಯಿಝು ಪಕ್ಷ, ಪಕ್ಷಾಂತರ ಮಾಡುವ ಸದಸ್ಯರು ಸ್ಥಾನ ಕಳೆದುಕೊಳ್ಳುವಂತೆ ನವೆಂಬರ್‌ನಲ್ಲಿ ಸಂವಿಧಾನಕ್ಕೆ ತರಾತುರಿಯ ತಿದ್ದುಪಡಿ ತಂದಿತು. ಅದನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟ್ ಮುಂದಿರುವಾಗಲೇ, 2025ರ ಫೆಬ್ರುವರಿಯಲ್ಲಿ, ಮೂವರು ನ್ಯಾಯಮೂರ್ತಿಗಳು ಅಮಾನತಾದರು. ಅದೇ ದಿನ ಪೀಠವನ್ನು ಏಳರಿಂದ ಐದಕ್ಕೆ ಇಳಿಸುವ ಮಸೂದೆಗೆ ಮಜ್ಲಿಸ್ ಅಂಗೀಕಾರ ಕೊಟ್ಟಿತು. ಮೇ ತಿಂಗಳಲ್ಲಿ ಅವರಲ್ಲಿ ಇಬ್ಬರನ್ನು ಸಂಸತ್ತು ಮತದ ಮೂಲಕ ತೆಗೆದುಹಾಕಿತು. ಮೂರನೆಯವರು ಅಷ್ಟರಲ್ಲೇ ರಾಜೀನಾಮೆ ಕೊಟ್ಟಿದ್ದರು. ಆರಾ ದ್ವೀಪದ ಗುತ್ತಿಗೆಯ ಪ್ರಕರಣವೂ, ಹಗರಣದ ಕಾಲದ ಇತರ ಗುತ್ತಿಗೆಗಳ ಸಿಂಧುತ್ವದ ಪ್ರಶ್ನೆಯೂ ಎಂದಾದರೂ ಅಂತಿಮ ತೀರ್ಮಾನಕ್ಕೆ ಬರಬೇಕಾದುದು ಹೀಗೆ ಹತ್ತು ವರ್ಷಗಳಲ್ಲಿ ಒಮ್ಮೆ ಕುಗ್ಗಿ, ಒಮ್ಮೆ ಹಿಗ್ಗಿ, ಮತ್ತೆ ನ್ಯಾಯಮೂರ್ತಿಗಳನ್ನು ಕಳೆದುಕೊಂಡ ಈ ಪೀಠದ ಮುಂದೆಯೇ.